ಫೋಟೋ ಸವರುವಾಗ ಬುಡ ಉಳಿಸಿ

ನಾನು ಸಣ್ಣವನಿರುವಾಗ ಕ್ರಾಪು ಅಂದರೆ ತಲೆಕೂದಲು. ಎರಡು ತಿಂಗಳಿಗೊಮ್ಮೆ ಅಪ್ಪ ಕ್ಷೌರದ ಅಂಗಡಿಗೆ ಕರಕೊಂಡು ಹೋಗಿ "ಸಣ್ಣ ಕ್ರಾಪು ಹೊಡೀರಿ" ಅನ್ನುತ್ತಿದ್ದರು. ಬೇಸಾಯಕ್ಕೆ ಇಳಿದ ಮೇಲೆ ಬ್ಯಾಂಕಿನಲ್ಲಿ ಕ್ರಾಪ್ ಲೋನ್ ಅಂತ ಕೇಳಿ, ಓಹೋ ಕ್ರಾಪ್ ಅಂದರೆ ಬೆಳೆ ಅಂತ ತಿಳಿದುಕೊಂಡೆ. ಈಗ ಮೊಬೈಲು ಬಂದ ಮೇಲೆ ಮೂರನೆಯ ಅರ್ಥ ಹುಟ್ಟಿದೆ.

ಅದು ಗೊತ್ತಾದದ್ದು ಹೀಗೆ. ನಮ್ಮ ಮಲ್ಲಿಗೆ ಗಿಡದ ಒಂದು ಫೋಟೋವನ್ನು ಪತ್ರಿಕೆಗೆ ಕಳಿಸಿದ್ದೆ. "ಫೋಟೋ ಒಳ್ಳೆದುಂಟು, ಸ್ವಲ್ಪ ಕ್ರಾಪ್ ಮಾಡಿ ಕಳಿಸಿ" ಅಂತ ಉತ್ತರ ಬಂತು. ಬೆಳೆ ಪೂರ್ತಿ ಕಾಣಬೇಕಂತೆ ಅಂತ ನಾನು ಅಂಗಳದ ತುದಿಗೆ ಹೋಗಿ, ಕಟ್ಟೆ ಹತ್ತಿ, ಎಲ್ಲ ಗಿಡಗಳೂ ಬರುವ ಹಾಗೆ ಇನ್ನೊಂದು ತೆಗೆದು ಕಳಿಸಿದೆ. ಅದರಲ್ಲಿ ಹಟ್ಟಿ ಬಂತು, ಒಣಗಲು ಹಾಕಿದ ಬಟ್ಟೆ ಬಂತು, ನಮ್ಮ ನಾಯಿಯೂ ಬಂತು. ಅವರು ಫೋನ್ ಮಾಡಿ ನಕ್ಕರು. "ಹಾಗಲ್ಲ ಮಾರಾಯ್ರೇ, ಮೊದಲಿನದ್ದರ ಬೇಡದ ಅಂಚು ಕತ್ತರಿಸಿ ತೆಗೆಯಿರಿ" ಅಂದರು.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಸೊಸೆಯ ಹತ್ತಿರ ಕೂತು ಕಲಿತೆ. ಕಲಿಯಲು ಹತ್ತು ನಿಮಿಷ ಸಾಕಾಯಿತು. ಎಲ್ಲಿ ಕತ್ತರಿಸಬಾರದು ಅಂತ ಕಲಿಯಲು ಏಳು ಮಲ್ಲಿಗೆ ಗಿಡ ಹೋಯಿತು. ಅದನ್ನೇ ಮೊದಲು ಹೇಳುತ್ತೇನೆ.

ಏಳು ಗಿಡದ ಕತೆ

ನಮ್ಮದು ಶಂಕರಪುರದ ಹತ್ತಿರ ಬೆಟ್ಟು ಜಾಗ. ಮಳೆ ನಂಬಿದ ಬೇಸಾಯ. ಏಣೆಲಿಗೆ ಒಂದು ಭತ್ತ, ಅದು ಕೊಯ್ದ ಮೇಲೆ ಇದ್ದ ಹಸಿಯಲ್ಲಿ ಉದ್ದು ಅಥವಾ ಹುರುಳಿ. ಸುಗ್ಗಿ ಬೆಳೆಗೆ ನೀರಿಲ್ಲ. ಮನೆ ಖರ್ಚು ನಡೆಯುವುದು ಅಂಗಳದ ಸುತ್ತ ಇರುವ ಮಲ್ಲಿಗೆಯಿಂದ. ಬಾವಿಯಲ್ಲಿ ಇದ್ದಷ್ಟು ನೀರಿಗೆ ಎಷ್ಟಾಗುತ್ತದೋ ಅಷ್ಟೇ ಗಿಡ, ಒಟ್ಟು 36 ಇತ್ತು. ಶಂಕರಪುರ ಮಲ್ಲಿಗೆಯ ಲೆಕ್ಕ ದೂರದ ಓದುಗರಿಗೆ ಗೊತ್ತಿರಲಿಕ್ಕಿಲ್ಲ. ಬಾಳೆನಾರಿನಲ್ಲಿ ಕಟ್ಟಿದ ಸುಮಾರು 800 ಹೂ ಒಂದು ಚೆಂಡು. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ರೇಟು ದಿನಾ ಬದಲಾಗುತ್ತದೆ. ಮದುವೆ, ಕೋಲ, ನೇಮದ ದಿನಗಳಲ್ಲಿ ಒಂದು ಗಿಡ ಕಮ್ಮಿಯಾದರೂ ಕೈಗೆ ಗೊತ್ತಾಗುತ್ತದೆ.

2022ರ ಆಟಿ ತಿಂಗಳಲ್ಲಿ ಹಟ್ಟಿ ಬದಿಯ ಒಂದು ಗಿಡದ ಎಲೆ ಹಳದಿಯಾಗಲು ಶುರುವಾಯಿತು. ಮಳೆ ಜೋರು. ಪೇಟೆಗೆ ಹೋಗುವ ಬದಲು ಫೋಟೋ ತೆಗೆದು ತಿಳಿದವರೊಬ್ಬರಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಆಗ ನನಗೆ ಕ್ರಾಪ್ ಮಾಡುವ ಹುಚ್ಚು ಹೊಸತು. ಇಡೀ ಗಿಡದ ಫೋಟೋ ಬುಡ ಸಮೇತ ಸರಿಯಾಗಿಯೇ ಬಂದಿತ್ತು. ಬುಡದಲ್ಲಿ ಕೆಸರು, ಹಾಳು ಸೊಪ್ಪು, ಒಂದು ಮುರಿದ ಬಾಲ್ದಿ. ನೋಡಿದವರು ಏನು ಅಂದುಕೊಂಡಾರು ಅಂತ ಅದನ್ನೆಲ್ಲ ಕತ್ತರಿಸಿ, ಹಳದಿ ಎಲೆ ಇದ್ದ ಒಂದು ಗೆಲ್ಲು ಮಾತ್ರ ಉಳಿಸಿ, ಚಂದ ಮಾಡಿ ಕಳಿಸಿದೆ.

ಅವರು ಎಲೆ ನೋಡಿ ಹೇಳಿದರು: "ಇಷ್ಟರಲ್ಲಿ ನೋಡಿದರೆ ಪೋಷಕಾಂಶದ ಕೊರತೆಯ ಹಾಗೆ ಕಾಣ್ತದೆ." ಸೂಕ್ಷ್ಮ ಪೋಷಕಾಂಶದ ಪೊಟ್ಟಣ ತಂದು ಮಳೆ ಬಿಟ್ಟ ಹೊತ್ತು ನೋಡಿ ಎರಡು ಸಲ ಸಿಂಪಡಿಸಿದೆ. ಹನ್ನೆರಡನೇ ದಿನಕ್ಕೆ ಆ ಗಿಡ ಬಾಡಿ ನಿಂತಿತು. ಪಕ್ಕದ್ದೂ ಹಳದಿಯಾಯಿತು. ಕಿತ್ತು ನೋಡಿದರೆ ಬುಡದ ತೊಗಟೆ ಕೊಳೆತಿದೆ, ಮಣ್ಣಿಗೆ ತಾಗುವಲ್ಲಿ ಬಿಳಿ ನೂಲಿನ ಹಾಗೆ ಶಿಲೀಂಧ್ರ, ಅದರ ಮೇಲೆ ಸಾಸಿವೆ ಕಾಳಿನಂಥ ಕಂದು ಗುಂಡುಗಳು. ಇದು ಬುಡ ಕೊಳೆಯುವ ರೋಗ. ಬೇರಿನಿಂದ ನೀರು ಏರದೆ ಎಲೆ ಹಳದಿಯಾದದ್ದು. ನಾನು ಸಿಂಪಡಿಸಿದ್ದು ಎಲೆಗೆ.

ಸತ್ತ ಗಿಡಗಳನ್ನು ಬುಡದ ಮಣ್ಣು ಸಮೇತ ತೆಗೆದು ದೂರ ಹಾಕಿ, ನೀರು ಹರಿಯಲು ಕಣಿ ತೆಗೆದು, ಉಳಿದ ಬುಡಗಳಿಗೆ ಟ್ರೈಕೋಡರ್ಮ ಬೆರೆಸಿದ ಗೊಬ್ಬರ ಕೊಡುವಷ್ಟರಲ್ಲಿ ಏಳು ಗಿಡ ಹೋಗಿತ್ತು. ಗಿಡ ನೆಟ್ಟು ಲೆಕ್ಕಕ್ಕೆ ಸಿಗುವಷ್ಟು ಹೂ ಕೊಡಲು ಎರಡು ಮೂರು ವರ್ಷ ಬೇಕು.

ಸೊಸೆ ಒಂದು ದಿನ ಫೋನಿನಲ್ಲಿ ಹಳೆಯ ಫೋಟೋ ನೋಡುತ್ತಾ "ಮಾವ, ಇಲ್ಲಿ ನೋಡಿ" ಅಂದಳು. ಮೊದಲ ದಿನ ತೆಗೆದ ಪೂರ್ತಿ ಫೋಟೋ. ಮುರಿದ ಬಾಲ್ದಿಯ ಬಲಬದಿ, ಗಿಡದ ಬುಡದಲ್ಲಿ, ಬಿಳಿ ನೂಲು ಸ್ಪಷ್ಟ ಕಾಣುತ್ತಿತ್ತು. ರೋಗ ಫೋಟೋದಲ್ಲಿ ಇತ್ತು. ನಾಚಿಕೆಗೆ ನಾನೇ ಅದನ್ನು ಕತ್ತರಿಸಿ ಎಸೆದಿದ್ದೆ. ಸಲಹೆ ಕೊಟ್ಟವರಿಗೆ ಆ ಪೂರ್ತಿ ಫೋಟೋ ಕಳಿಸಿದಾಗ ಅವರು ಬೈಯಲಿಲ್ಲ. "ಇದನ್ನು ಅವತ್ತೇ ಕಳಿಸಬಾರದಿತ್ತಾ?" ಅಂತ ಮಾತ್ರ ಕೇಳಿದರು.

ಕ್ರಾಪ್ ಅಂದರೆ ಎಂತ

ಫೋನಿನ ಫೋಟೋ ಚುಕ್ಕಿಗಳಿಂದ ಆದದ್ದು. ಇದಕ್ಕೆ ಪಿಕ್ಸೆಲ್ ಅನ್ನುತ್ತಾರೆ. ಸಾಲಿಗೆ 4000 ಚುಕ್ಕಿ, ಅಂಥ 3000 ಸಾಲು ಇದ್ದರೆ ಒಟ್ಟು 1 ಕೋಟಿ 20 ಲಕ್ಷ ಚುಕ್ಕಿ. ಇದನ್ನೇ 12 ಮೆಗಾಪಿಕ್ಸೆಲ್ ಅನ್ನುವುದು. ನೇಜಿ ನೆಟ್ಟ ಗದ್ದೆ ಅಂತ ಇಟ್ಟುಕೊಳ್ಳಿ. ಒಂದೊಂದು ಚುಕ್ಕಿ ಒಂದೊಂದು ನೇಜಿ.

ಕ್ರಾಪ್ ಮಾಡುವುದೆಂದರೆ ಆ ಗದ್ದೆಯ ನಡುವೆ ಹೊಸ ಹುಣಿ ಹಾಕಿ, ಹುಣಿಯ ಹೊರಗಿನದ್ದನ್ನೆಲ್ಲ ಬಿಟ್ಟುಬಿಡುವುದು. ಒಳಗಿನ ನೇಜಿ ಒಂದೂ ಹೆಚ್ಚಾಗುವುದಿಲ್ಲ. ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಕತ್ತರಿಸಿದ ತುಂಡು ಫೋನಿನ ಪರದೆಯಲ್ಲಿ ದೊಡ್ಡದಾಗಿ ಕಂಡಾಗ ವಸ್ತು ಹತ್ತಿರ ಬಂದ ಹಾಗೆ ಅನಿಸುತ್ತದೆ. ಹತ್ತಿರ ಬಂದದ್ದಲ್ಲ. ಇದ್ದ ನೇಜಿಯನ್ನೇ ದೂರ ದೂರ ಹರಡಿ ತೋರಿಸಿದ್ದು. ಅಗಲದಲ್ಲಿ ಅರ್ಧ, ಎತ್ತರದಲ್ಲಿ ಅರ್ಧ ಉಳಿಸಿದರೆ ಉಳಿಯುವುದು ಅರ್ಧವಲ್ಲ, ಕಾಲು ಭಾಗ: 30 ಲಕ್ಷ ಚುಕ್ಕಿ. ಎರಡೂ ಕಡೆ ಕಾಲಂಶ ಉಳಿಸಿದರೆ ಹದಿನಾರರಲ್ಲಿ ಒಂದು ಭಾಗ: ಏಳೂವರೆ ಲಕ್ಷ. ಆದ್ದರಿಂದ ಮೊಗ್ಗಿನ ಹುಳ ಕಾಣಬೇಕಾದರೆ ದೂರದಿಂದ ತೆಗೆದು ಕತ್ತರಿಸುವುದಲ್ಲ, ಹತ್ತಿರ ಹೋಗಿ ತೆಗೆಯುವುದು.

ಫೋಟೋ ತೆಗೆಯುವಾಗ ಪರದೆಯನ್ನು ಎರಡು ಬೆರಳಲ್ಲಿ ಅಗಲಿಸಿ ದೊಡ್ಡದು ಮಾಡುತ್ತೇವಲ್ಲ, ಅದೂ ಹೆಚ್ಚಿನ ಫೋನುಗಳಲ್ಲಿ ಕ್ರಾಪೇ. ತೆಗೆಯುವ ಮೊದಲೇ ಕತ್ತರಿಸಿದ ಹಾಗೆ. ದೂರದ್ದನ್ನು ತೆಗೆಯಲಿಕ್ಕೆಂದೇ ಬೇರೆ ಲೆನ್ಸ್ ಇರುವ ದುಬಾರಿ ಫೋನಿನ ಮಾತು ಬೇರೆ. ಉಳಿದವರು ಬೆರಳಿಗಿಂತ ಕಾಲು ಉಪಯೋಗಿಸುವುದು ಒಳ್ಳೆಯದು.

ಮಾಡುವ ಕ್ರಮ

ಫೋನಿನ ಗ್ಯಾಲರಿಯಲ್ಲಿ ಫೋಟೋ ತೆರೆದು 'ಎಡಿಟ್' ಒತ್ತಿ. ಕೆಲವದರಲ್ಲಿ ಪೆನ್ಸಿಲ್ ಚಿತ್ರ ಇರುತ್ತದೆ. ಒಳಗೆ ಕ್ರಾಪಿನ ಚಿಹ್ನೆ ಉಂಟು: ಬಡಗಿಯ ಎರಡು ಮೂಲೆಮಟ್ಟಗಳನ್ನು ಎದುರುಬದುರು ಇಟ್ಟು ಒಂದಕ್ಕೊಂದು ದಾಟಿಸಿದ ಹಾಗೆ. ಒತ್ತಿದರೆ ಫೋಟೋದ ಸುತ್ತ ಚೌಕಟ್ಟು ಬರುತ್ತದೆ. ಮೂಲೆ ಹಿಡಿದು ಒಳಗೆ ಎಳೆಯಿರಿ. ಚೌಕಟ್ಟು ಹಾಗೇ ಇದ್ದು ಒಳಗಿನ ಚಿತ್ರ ಸರಿಸಬೇಕಾದರೆ ನಡುವೆ ಬೆರಳಿಟ್ಟು ಎಳೆದರಾಯಿತು. ಎಳೆಯುವಾಗ ಅಡ್ಡ ಎರಡು, ಉದ್ದ ಎರಡು ಗೆರೆ ಮೂಡುತ್ತವೆ. ಆ ಗೆರೆಗಳು ದಾಟುವ ಜಾಗದಲ್ಲಿ ಮುಖ್ಯ ವಸ್ತು ಬಂದರೆ ಚಂದ ಅಂತ ಫೋಟೋ ಕಲಿತವರು ಹೇಳುತ್ತಾರೆ. ಹೌದು, ಆದರೆ ಅದು ಮುಖಪುಟಕ್ಕೆ. ರೋಗ ತೋರಿಸುವ ಫೋಟೋಕ್ಕೆ ಚಂದದ ಹಂಗಿಲ್ಲ.

ಅಲ್ಲೇ ಅಳತೆ ಆರಿಸುವ ಜಾಗವೂ ಇರುತ್ತದೆ. 'ಫ್ರೀ' ಅಂದರೆ ನಮ್ಮ ಇಷ್ಟ. 1:1 ಅಂದರೆ ಸರಿ ಚೌಕ. 4:3, 16:9 ಹೀಗೆ. ಅಳತೆ ಕಟ್ಟಿ ಹಾಕಿದರೆ ಒಂದು ಬದಿ ಎಳೆದಾಗ ಇನ್ನೊಂದು ಬದಿಯೂ ತಾನಾಗಿ ಬರುತ್ತದೆ. ಅರ್ಜಿಗೆ ಹಾಕುವ ಪಾಸ್‌ಪೋರ್ಟ್ ಫೋಟೋ ಹೆಚ್ಚಾಗಿ 35 ಮಿಲಿಮೀಟರ್ ಅಗಲ, 45 ಮಿಲಿಮೀಟರ್ ಎತ್ತರ. ಅದನ್ನು ಚೌಕ ಕತ್ತರಿಸಿ ಕೊಟ್ಟರೆ ಮತ್ತೆ ಎಳೆದು ಉದ್ದ ಮಾಡುವಾಗ ಮುಖ ಪಡವಲಕಾಯಿಯ ಹಾಗಾಗುತ್ತದೆ.

ಓರೆ ಸರಿ ಮಾಡುವ ಅಳತೆಪಟ್ಟಿ ಕೆಳಗೆ ಇರುತ್ತದೆ. ಕಾಪುವಿನ ಸಮುದ್ರದ ಬದಿಯಲ್ಲಿ 1901ರ ದೀಪಸ್ತಂಭ ಉಂಟಲ್ಲ, ಮೊಮ್ಮಗಳು ಅದರ ಫೋಟೋ ತೆಗೆದಾಗ ಸ್ತಂಭ ಬಾಗಿ ಸಮುದ್ರದ ನೀರೆಲ್ಲ ಎಡಕ್ಕೆ ಚೆಲ್ಲುವ ಹಾಗಿತ್ತು. ಪಟ್ಟಿ ಸ್ವಲ್ಪ ಜಾರಿಸಿದಾಗ ನೇರ ಆಯಿತು. ಆದರೆ ತಿರುಗಿಸಿದಾಗೆಲ್ಲ ನಾಲ್ಕು ಮೂಲೆಯಲ್ಲಿ ಸ್ವಲ್ಪ ಸ್ವಲ್ಪ ಕತ್ತರಿಸಿ ಹೋಗುತ್ತದೆ. ತೆಗೆಯುವಾಗಲೇ ಸುತ್ತ ಒಂದು ಗೇಣು ಜಾಗ ಬಿಟ್ಟಿದ್ದರೆ ಆಗ ನಷ್ಟವಿಲ್ಲ.

ಇಷ್ಟಾದ ಮೇಲೆ 'ಸೇವ್'. ಇಲ್ಲಿ ಅರೆಗಳಿಗೆ ನಿಲ್ಲಿ. ಕೆಲವು ಫೋನುಗಳಲ್ಲಿ 'ಸೇವ್ ಕಾಪಿ' ಅಂತ ಬರುತ್ತದೆ. ಅದನ್ನು ಒತ್ತಿದರೆ ಮೂಲ ಹಾಗೇ ಇದ್ದು, ಕತ್ತರಿಸಿದ್ದು ಬೇರೆ ಉಳಿಯುತ್ತದೆ. ಕೆಲವದರಲ್ಲಿ ಬರೇ 'ಸೇವ್' ಇರುತ್ತದೆ, ಮೂಲದ ಮೇಲೆಯೇ ಬರೆದುಬಿಡುತ್ತದೆ. ಹಿಂದಕ್ಕೆ ತರುವ ದಾರಿ ಇರುವ ಫೋನೂ ಉಂಟು, ಇಲ್ಲದ್ದೂ ಉಂಟು. ನಿಮ್ಮ ಫೋನು ಯಾವ ಜಾತಿ ಅಂತ ಬೇಡದ ಒಂದು ಫೋಟೋದಲ್ಲಿ ಪರೀಕ್ಷೆ ಮಾಡಿ ನೋಡಿ. ನಾನಂತೂ ಮೊದಲು ನಕಲು ಮಾಡಿ, ನಕಲನ್ನು ಕತ್ತರಿಸುತ್ತೇನೆ. ಬಿತ್ತನೆಗೆ ತೆಗೆದಿಟ್ಟ ಭತ್ತವನ್ನು ಯಾರೂ ಕುಟ್ಟಲಿಕ್ಕೆ ಹಾಕುವುದಿಲ್ಲ.

ವಾಟ್ಸಾಪಿನಲ್ಲಿ ಕಳಿಸುವ ಮೊದಲು ಮೇಲ್ಗಡೆ ಅದೇ ಚಿಹ್ನೆ ಕಾಣುತ್ತದೆ. ಅಲ್ಲಿ ಕತ್ತರಿಸಿದರೆ ಹೋಗುವುದು ಕತ್ತರಿಸಿದ್ದು, ಗ್ಯಾಲರಿಯಲ್ಲಿ ಪೂರ್ತಿಯದ್ದು ಉಳಿಯುತ್ತದೆ. ನನ್ನ ಗಿಡದ ಫೋಟೋ ಹಾಗೆಯೇ ಉಳಿದದ್ದು. ಗ್ಯಾಲರಿಯಲ್ಲಿ ಕತ್ತರಿಸಿ 'ಸೇವ್' ಒತ್ತಿದ್ದರೆ ನನ್ನ ತಪ್ಪು ನನಗೆ ಇವತ್ತಿಗೂ ಗೊತ್ತಾಗುತ್ತಿರಲಿಲ್ಲ.

ರಟ್ಟಿನ ಕಾಲ

ಇದು ಕಂಪ್ಯೂಟರಿನ ಹೊಸ ವಿದ್ಯೆ ಅಂತ ತಿಳಿಯಬೇಡಿ. ರೋಲು ಹಾಕುವ ಕ್ಯಾಮರಾ ಕಾಲದಲ್ಲೂ ಇತ್ತು. ಸ್ಟುಡಿಯೋದವರು ಕತ್ತಲೆ ಕೋಣೆಯಲ್ಲಿ ದೊಡ್ಡದು ಮಾಡುವಾಗಲೇ ಬೇಡದ ಅಂಚು ಹೊರಗೆ ಬಿಡುತ್ತಿದ್ದರು. ಪತ್ರಿಕೆಯವರು ಎಲ್ ಆಕಾರದ ಎರಡು ರಟ್ಟು ಇಟ್ಟುಕೊಂಡು, ಫೋಟೋದ ಮೇಲೆ ಎದುರುಬದುರು ಜಾರಿಸಿ, ಎಷ್ಟು ಬೇಕೆಂದು ನೋಡಿ, ಬದಿಯಲ್ಲಿ ಪೆನ್ಸಿಲ್ ಗುರುತು ಹಾಕುತ್ತಿದ್ದರು. ಈಗಿನ ಕ್ರಾಪ್ ಚಿಹ್ನೆಯಲ್ಲಿ ಇರುವುದು ಆ ಎರಡು ರಟ್ಟುಗಳೇ. ಮದುವೆ ಕಾಗದದ ದಪ್ಪ ಹಾಳೆಯಲ್ಲಿ ಅಂಥ ಎರಡು ತುಂಡು ಕತ್ತರಿಸಿ, ಹಳೆಯ ಕ್ಯಾಲೆಂಡರಿನ ಚಿತ್ರದ ಮೇಲೆ ಮಕ್ಕಳಿಗೆ ಜಾರಿಸಲಿಕ್ಕೆ ಕೊಡಿ. ಫೋನಿನಲ್ಲಿ ಕಲಿಯುವುದಕ್ಕಿಂತ ಬೇಗ ಕಲಿಯುತ್ತಾರೆ.

ಮಣಿಪಾಲದಿಂದ 'ಉದಯವಾಣಿ' ಹೊರಡಲು ಶುರುವಾದದ್ದು 1970ರಲ್ಲಿ, ಹೆಚ್ಚು ಕಡಿಮೆ ನನ್ನ ವಯಸ್ಸು. ಸಣ್ಣವನಿರುವಾಗ ಅಜ್ಜನ ಭೂತಕನ್ನಡಿ ಹಿಡಿದು ಪೇಪರಿನ ಫೋಟೋ ನೋಡಿದರೆ ಮನುಷ್ಯನ ಮುಖವೆಲ್ಲ ಮಾಯವಾಗಿ ಬರೇ ಕಪ್ಪು ಚುಕ್ಕಿ ಕಾಣುತ್ತಿತ್ತು. ಪಿಕ್ಸೆಲ್ ಅಂದಾಗ ನನಗೆ ಅದೇ ನೆನಪಾಯಿತು.

ಆಗ ಒಂದು ಲಾಭ ಇತ್ತು. ಗುರುತು ಹಾಕುವುದು ಅಂಚಿನಲ್ಲಿ, ಮೂಲ ಫೋಟೋ ಮತ್ತು ನೆಗೆಟಿವ್ ಪೂರ್ತಿ ಉಳಿಯುತ್ತಿತ್ತು. ಚೆ ಗುವೇರನ ಮುಖ ನೀವೂ ನೋಡಿರುತ್ತೀರಿ, ನಮ್ಮ ಹುಡುಗರ ಬನಿಯನ್ನಿನಲ್ಲಿ, ರಿಕ್ಷಾದ ಹಿಂದೆ. ಆ ಫೋಟೋ 1960ರ ಮಾರ್ಚ್ 5ರಂದು ಕ್ಯೂಬಾ ದೇಶದ ಹವಾನಾದಲ್ಲಿ ಆಲ್ಬರ್ಟೊ ಕೋರ್ಡಾ ಎಂಬವರು ತೆಗೆದದ್ದು. ಪೂರ್ತಿ ಫೋಟೋದಲ್ಲಿ ಒಂದು ಬದಿ ಇನ್ನೊಬ್ಬ ಮನುಷ್ಯನ ಮುಖ, ಇನ್ನೊಂದು ಬದಿ ನಮ್ಮ ತೆಂಗಿನ ಹಾಗೆ ತೋರುವ ಮರದ ಗರಿ ಉಂಟು. ಎರಡನ್ನೂ ಕತ್ತರಿಸಿದ ಮೇಲೆ ಉಳಿದ ಮುಖ ಜಗತ್ತೆಲ್ಲ ತಿರುಗಿತು. ನೆಗೆಟಿವ್ ಇದ್ದದ್ದರಿಂದ ಪಕ್ಕದಲ್ಲಿ ಎಂತ ಇತ್ತು ಅಂತ ಇವತ್ತಿಗೂ ನೋಡಬಹುದು.

ಎಷ್ಟು ಉಳಿಸಬೇಕು

ಮಲ್ಲಿಗೆಯ ಗೆಲ್ಲು ವರ್ಷಕ್ಕೊಮ್ಮೆ ಸವರುತ್ತೇವೆ. ಕತ್ತಿ ಹಿಡಿಯುವ ಮೊದಲು ಗಿಡದ ಸುತ್ತ ಒಂದು ಸಲ ಬಂದು, ಯಾವುದು ಒಣಗಿದ್ದು, ಯಾವುದು ಅಡ್ಡ ಬಂದದ್ದು, ಎಲ್ಲಿಂದ ಚಿಗುರು ಬೇಕು ಅಂತ ನೋಡುತ್ತೇವೆ. ಫೋಟೋಕ್ಕೂ ಹಾಗೆಯೇ ನೋಡಬೇಕು. ಈ ಫೋಟೋ ಯಾರಿಗೆ ಹೋಗುತ್ತದೆ, ಅವರು ಇದರಿಂದ ಎಂತ ತಿಳಿಯಬೇಕು ಅಂತ ಕೇಳಿಕೊಂಡರೆ ಹುಣಿ ಎಲ್ಲಿ ಹಾಕಬೇಕೆಂದು ಗೊತ್ತಾಗುತ್ತದೆ.

ರೋಗ ಕೇಳುವಾಗ ನಾನು ಈಗ ಮೂರು ಫೋಟೋ ಕಳಿಸುತ್ತೇನೆ. ಇಡೀ ಗಿಡ ಮತ್ತು ಅದರ ನೆರೆಯ ಗಿಡಗಳು, ಏನೂ ಕತ್ತರಿಸದೆ. ಬುಡ ಮತ್ತು ಮಣ್ಣು. ಕೊನೆಗೆ ರೋಗ ಬಂದ ಎಲೆ ಅಥವಾ ಮೊಗ್ಗು, ಹತ್ತಿರದಿಂದ, ಎಲೆಯಾದರೆ ಅಡಿಭಾಗವೂ. ಕತ್ತರಿಸುವುದಾದರೆ ಮೂರನೆಯದ್ದನ್ನು ಮಾತ್ರ. ಒಂದೇ ಹಳದಿ ಎಲೆಯಿಂದ ಯಾವ ವಿಜ್ಞಾನಿಗೂ ಹೇಳಲಾಗದು. ಸಾರಜನಕ ಕಮ್ಮಿಯಾದರೆ ಮೊದಲು ಹಳದಿಯಾಗುವುದು ಕೆಳಗಿನ ಹಳೆಯ ಎಲೆ. ಕಬ್ಬಿಣ ಕಮ್ಮಿಯಾದರೆ ತುದಿಯ ಹೊಸ ಎಲೆ, ಅದೂ ನರ ಹಸುರಾಗಿದ್ದು ನಡುವೆ ಹಳದಿ. ನೀವು ಕತ್ತರಿಸಿ ಕಳಿಸಿದ ಎಲೆ ಗಿಡದ ಮೇಲಿನದ್ದೋ ಕೆಳಗಿನದ್ದೋ ನೋಡುವವರಿಗೆ ಹೇಗೆ ಗೊತ್ತಾಗಬೇಕು? ನೀರು ನಿಂತ ಜಾಗವೋ, ಪಕ್ಕದ ಗಿಡ ಸರಿಯಿದೆಯೋ, ಇದೂ ಅಂಚಿನಲ್ಲಿಯೇ ಇರುತ್ತದೆ.

ಮತ್ತೊಂದು ಅಳತೆಯ ಸಂಗತಿ. ಕಾರ್ಕಳದ ಗೊಮ್ಮಟ 1432ರಲ್ಲಿ ನಿಲ್ಲಿಸಿದ್ದು, ಸುಮಾರು 42 ಅಡಿ ಎತ್ತರ. ಫೋಟೋದಲ್ಲಿ ಪಾದದ ಹತ್ತಿರ ಒಬ್ಬ ಮನುಷ್ಯ ನಿಂತಿದ್ದರೆ ಎತ್ತರ ತಾನಾಗಿ ತಿಳಿಯುತ್ತದೆ. ಮನುಷ್ಯ ಅಡ್ಡ ಬಂದ ಅಂತ ಕತ್ತರಿಸಿ ತೆಗೆಯಿರಿ, ಹತ್ತು ಅಡಿಯದ್ದು ಅಂದರೂ ನಂಬಬಹುದು. ಹುಳದ, ಕಾಯಿಯ, ಗೆಡ್ಡೆಯ ಫೋಟೋದಲ್ಲಿ ಪಕ್ಕಕ್ಕೆ ಬೆಂಕಿಪೆಟ್ಟಿಗೆ ಅಥವಾ ಒಂದು ರೂಪಾಯಿ ಪಾವಲಿ ಇಡಿ. ಕತ್ತರಿಸುವಾಗ ಅದನ್ನು ಮಾತ್ರ ಬಿಡಬೇಡಿ.

ಪತ್ರಿಕೆಗೆ ಕಳಿಸುವವರು

ಒಳ್ಳೆಯ ಮುದ್ರಣಕ್ಕೆ ಒಂದು ಇಂಚಿಗೆ 300 ಚುಕ್ಕಿ ಬೇಕು ಅಂತ ಪ್ರೆಸ್ಸಿನವರ ಲೆಕ್ಕ. ನಾಲ್ಕು ಇಂಚು ಅಗಲದ ಫೋಟೋಕ್ಕೆ 1200 ಚುಕ್ಕಿ. ಎ4 ಗಾತ್ರದ ಪುಟ ತುಂಬಾ ಬರಬೇಕಾದರೆ ಅಗಲಕ್ಕೆ 2480, ಎತ್ತರಕ್ಕೆ 3508. ಈಗ ನೋಡಿ, ಫೋನು ಅಡ್ಡ ಹಿಡಿದು ತೆಗೆದ 4000ಕ್ಕೆ 3000ದ ಫೋಟೋವನ್ನು ನಿಂತ ಪುಟಕ್ಕೆ ಕತ್ತರಿಸಿದರೆ ಎತ್ತರವೇ 3000, ಅಗಲ 2121ಕ್ಕೆ ಇಳಿಯುತ್ತದೆ. ಸಾಲುವುದಿಲ್ಲ. ಮುಖಪುಟದ ಆಸೆ ಇದ್ದರೆ ಫೋನು ನೆಟ್ಟಗೆ ಹಿಡಿದು ತೆಗೆಯಿರಿ.

ವಾಟ್ಸಾಪ್ ಮಾಮೂಲಾಗಿ ಕಳಿಸಿದರೆ ಫೋಟೋವನ್ನು ಕುಗ್ಗಿಸುತ್ತದೆ. ಉದ್ದದ ಬದಿ ಸುಮಾರು 1600 ಚುಕ್ಕಿಗೆ ಬರುತ್ತದೆ. ನೀವು ಮೊದಲೇ ಕತ್ತರಿಸಿದ್ದರೆ, ಅದು ಮತ್ತೆ ಕುಗ್ಗಿಸಿದರೆ, ಪತ್ರಿಕೆಯವರು ಪುನಃ ಸವರಿದರೆ, ಕೊನೆಗೆ ಉಳಿಯುವುದು ಅಂಚೆಚೀಟಿ. 2023ರ ಆಗಸ್ಟಿನಲ್ಲಿ ಎಚ್‌ಡಿ ಎಂಬ ಗುಂಡಿ ಬಂದಿದೆ, ಅದು ಸ್ವಲ್ಪ ಮೇಲು. ಎಲ್ಲಕ್ಕಿಂತ ಒಳ್ಳೆಯದು 'ಡಾಕ್ಯುಮೆಂಟ್' ಆಗಿ ಕಳಿಸುವುದು. ಆಗ ಚುಕ್ಕಿ ಕಮ್ಮಿಯಾಗದೆ, ತೆಗೆದ ದಿನ, ಜಾಗದ ಗುರುತು ಇದ್ದರೆ ಅದೂ ಸಹಿತ ಹೋಗುತ್ತದೆ. ಪತ್ರಿಕೆಗೆ ನಾನೀಗ ಕತ್ತರಿಸದ ಫೋಟೋ ಕಳಿಸಿ, ಎಲ್ಲಿ ಕತ್ತರಿಸಬಹುದೆಂದು ಎರಡು ಸಾಲು ಬರೆಯುತ್ತೇನೆ. ಪುಟದಲ್ಲಿ ಎಷ್ಟು ಜಾಗ ಉಂಟು ಅಂತ ಗೊತ್ತಿರುವುದು ಅವರಿಗೆ.

ಜಾಗದ ಗುರುತು ಅಂದಾಗ ಇನ್ನೊಂದು ನೆನಪಾಯಿತು. 2020ರ ಮುಂಗಾರಿನಲ್ಲಿ ರಾಜ್ಯ ಸರಕಾರ ಬೆಳೆ ಸಮೀಕ್ಷೆಗೆ ರೈತರೇ ಆಪ್‌ನಲ್ಲಿ ಫೋಟೋ ತೆಗೆದು ಹಾಕುವ ಕ್ರಮ ತಂದಿತು. ಅದು ಸರ್ವೆ ನಂಬ್ರದ ಜಾಗದಲ್ಲೇ ನಿಂತು ಆಪ್‌ನ ಒಳಗಿಂದಲೇ ತೆಗೆಯುವ ಫೋಟೋ. ಅಲ್ಲಿ ಆಮೇಲೆ ಸವರುವ ಪ್ರಶ್ನೆ ಇಲ್ಲ. ಉದ್ದಿನ ಗದ್ದೆ ತೋರಿಸುವಾಗ ಬದಿಯ ಹಡಿಲು ಬಿದ್ದ ಗದ್ದೆಯೇ ಅರ್ಧ ಬಂದರೆ ಅದು ನಿಂತ ಕಾಲಿನ ತಪ್ಪು. ಎರಡು ಹೆಜ್ಜೆ ಮುಂದೆ ಹೋಗಿ.

ಕಂಪ್ಯೂಟರಿನಲ್ಲಿ

ಮಗನ ಕಂಪ್ಯೂಟರಿನಲ್ಲಿ ಗಿಂಪ್ ಎಂಬ ಸಾಫ್ಟ್‌ವೇರ್ ಉಂಟು, ದುಡ್ಡು ಕೊಡಬೇಕಿಲ್ಲ. ಅದರಲ್ಲಿ ಶಿಫ್ಟ್ ಮತ್ತು ಸಿ ಒಟ್ಟಿಗೆ ಒತ್ತಿದರೆ ಕ್ರಾಪ್ ಬರುತ್ತದೆ. ಚೌಕಟ್ಟು ಎಳೆದು ಎಂಟರ್ ಒತ್ತುವುದು. ಸ್ಟುಡಿಯೋದವರು ಉಪಯೋಗಿಸುವ ಫೋಟೋಶಾಪ್ 1990ರಲ್ಲಿ ಹೊರಬಂದದ್ದು, ಅದರಲ್ಲಿ ಬರೇ ಸಿ ಸಾಕು. ಫೋಟೋಶಾಪಿನಲ್ಲಿ ಮೇಲ್ಗಡೆ ಒಂದು ಸಣ್ಣ ಚೌಕ ಉಂಟು, ಕತ್ತರಿಸಿದ ಚುಕ್ಕಿ ಅಳಿಸಬೇಕೋ ಬೇಡವೋ ಅಂತ. ಅದರ ಗುರುತು ತೆಗೆದಿಟ್ಟರೆ ಅಂಚು ಅಡಗಿ ಕೂತಿರುತ್ತದೆ, ಬೇಕಾದಾಗ ಮತ್ತೆ ಎಳೆಯಬಹುದು.

ಅಡಗಿ ಕೂರುವುದು ಯಾವಾಗಲೂ ಒಳ್ಳೆಯದಲ್ಲ. ಒಮ್ಮೆ ಪಾಸ್‌ಬುಕ್ಕಿನ ಮೊದಲ ಪುಟ ಕಳಿಸಬೇಕಾಗಿತ್ತು. ಫೋಟೋದಲ್ಲಿ ಪಕ್ಕದ ಪುಟದ ಲೆಕ್ಕವೂ ಬಂದಿತ್ತು, ಯಾರಿಗೆ ಎಷ್ಟು ಸಾಲ ಕಟ್ಟಿದ್ದೆಂದು ಸಮೇತ. ವರ್ಡ್‌ನಲ್ಲಿ ಹಾಕಿ ಆ ಭಾಗ ಕ್ರಾಪ್ ಮಾಡಿದೆ, ಕಾಣದ ಹಾಗಾಯಿತು. ಕಳಿಸುವ ಮೊದಲು ಮಗ ಅದೇ ಚಿತ್ರದ ಮೇಲೆ ಮತ್ತೆ ಕ್ರಾಪ್ ಒತ್ತಿದ. ಇಡೀ ಲೆಕ್ಕ ಎದ್ದು ಬಂತು! ವರ್ಡ್‌ನಲ್ಲಿ ಕ್ರಾಪ್ ಅಂದರೆ ಪರದೆ ಎಳೆದ ಹಾಗೆ, ಹಿಂದೆ ಎಲ್ಲವೂ ಇರುತ್ತದೆ. ಕತ್ತರಿಸಿದ ಭಾಗ ಅಳಿಸುವ ಗುಂಡಿ ಬೇರೆಯೇ ಉಂಟು.

ಇದು ನಮ್ಮಂಥವರ ಅಜ್ಞಾನ ಮಾತ್ರ ಅಲ್ಲ. 2023ರ ಮಾರ್ಚಿನಲ್ಲಿ ದೊಡ್ಡ ಸುದ್ದಿಯಾಯಿತು. ಗೂಗಲ್ ಕಂಪೆನಿಯ ಪಿಕ್ಸೆಲ್ ಫೋನುಗಳಲ್ಲಿ ಸ್ಕ್ರೀನ್‌ಶಾಟ್ ಕತ್ತರಿಸಿದ ಮೇಲೂ ಹಳೆಯ ಚಿತ್ರದ ಚೂರು ಅದೇ ಫೈಲಿನ ಬಾಲದಲ್ಲಿ ಉಳಿಯುತ್ತಿತ್ತು, ತಿಳಿದವರು ಅದನ್ನು ಪುನಃ ಕಟ್ಟಿ ನೋಡಬಹುದಿತ್ತು. ವಿಂಡೋಸ್ 11ರ ಸ್ಕ್ರೀನ್ ಕತ್ತರಿಸುವ ಸಾಧನದಲ್ಲೂ ಅಂಥದೇ ದೋಷ ಸಿಕ್ಕಿತು. ಎರಡನ್ನೂ ಆಮೇಲೆ ಸರಿ ಮಾಡಿದರು. ಆದರೆ ಅಷ್ಟರಲ್ಲಿ ಊರೂರು ತಿರುಗಿದ ಚಿತ್ರಗಳನ್ನು ಹಿಂದೆ ತರುವುದು ಹೇಗೆ? ಆಧಾರ್, ಖಾತೆ ನಂಬ್ರ ಇರುವ ಕಾಗದದ ಫೋಟೋ ತೆಗೆಯುವಾಗ ಬೇಡದ ಭಾಗದ ಮೇಲೆ ಒಂದು ಹಾಳೆ ಮುಚ್ಚಿ ತೆಗೆಯುವುದು ನನ್ನ ಕ್ರಮ. ತೆಗೆಯದ್ದನ್ನು ಯಾರೂ ಹೊರಗೆ ತರಲಾರರು.

ಘಟ್ಟದ ಮೇಲಿನಿಂದ ಬಂದವರು

ಮುಚ್ಚಿಡಬಾರದ ಒಂದು ಮಾತು ಉಳಿಯಿತು. ಪತ್ರಿಕೆಗೆ ಹಿಂದೊಮ್ಮೆ ನಾನು ಕಳಿಸಿದ ಒಂದು ಫೋಟೋದಲ್ಲಿ ಮಲ್ಲಿಗೆ ಮೊಗ್ಗು ಚೌಕಟ್ಟು ತುಂಬಿ ಹೊರಗೆ ಚೆಲ್ಲುವ ಹಾಗಿತ್ತು. ಗಿಡದ ಅತಿ ಒಳ್ಳೆಯ ಒಂದು ಗೆಲ್ಲನ್ನು ಹಿಡಿದು, ಉಳಿದ ಬೋಳು ಗೆಲ್ಲುಗಳನ್ನು ಅಂಚಿನಲ್ಲಿ ಕತ್ತರಿಸಿ ತೆಗೆದಿದ್ದೆ. ಸುಳ್ಳು ಅಂತ ಅನಿಸಲಿಲ್ಲ. ಗೆಲ್ಲು ನಮ್ಮದೇ, ಮೊಗ್ಗೂ ನಿಜವೇ.

ಅದನ್ನು ನೋಡಿ ಘಟ್ಟದ ಮೇಲಿನಿಂದ ಒಬ್ಬರು ಬಸ್ಸು ಹಿಡಿದು ಬಂದರು. ನನ್ನ ಹಾಗೆಯೇ ಮಳೆ ನಂಬಿದ ಬೇಸಾಯ ಅವರದ್ದು, ಎಕರೆಗಟ್ಟಲೆ ಮಲ್ಲಿಗೆ ತೋಟ ನೋಡಿ ತಾವೂ ಸಾಲ ಮಾಡಿ ಹಾಕುವ ಯೋಚನೆ. ನಮ್ಮ ಅಂಗಳಕ್ಕೆ ಬಂದು, ಹಟ್ಟಿಯ ಹಿಂದೆ ಮುಂದೆ ನೋಡಿ, "ತೋಟ ಎಲ್ಲುಂಟು?" ಅಂತ ಕೇಳಿದರು. ಇದೇ ಅಂದೆ. ಅವರು ಏನೂ ಹೇಳಲಿಲ್ಲ. ಊಟ ಮಾಡಿಸಿದೆ, ನಾಲ್ಕು ಗೂಟಿ ಗಿಡ ಕೊಟ್ಟೆ. ಹೋಗುವಾಗ "ನೋಡಿದ್ದು ಒಳ್ಳೆದಾಯ್ತು, ಸಾಲ ಮಾಡುವ ಮೊದಲು" ಅಂದರು. ಆ ದಿನ ರಾತ್ರಿ ನನಗೆ ಸರಿ ನಿದ್ದೆ ಬರಲಿಲ್ಲ.

ಅಂದಿನಿಂದ ಹೂವಿನ ಗೆಲ್ಲು ಕಳಿಸುವಾಗ ಜೊತೆಗೆ ಅದೇ ದಿನದ ಇಡೀ ಗಿಡದ್ದೂ ಒಂದು ಕಳಿಸುತ್ತೇನೆ. ಎಷ್ಟು ಗಿಡ, ಎಷ್ಟು ಸೆಂಟ್ಸ್ ಜಾಗ ಅಂತ ಕೆಳಗೆ ಬರೆಯುತ್ತೇನೆ. ನರ್ಸರಿಯ ಗಿಡ ಕೊಳ್ಳುವವರು ಕೂಡ, ಹೂ ಮಾತ್ರ ಕಾಣುವ ಫೋಟೋ ತೋರಿಸಿದರೆ, ಬುಡದಿಂದ ತುದಿಯವರೆಗಿನದ್ದು ಕಳಿಸಿ ಅಂತ ಕೇಳಿ. ಗಿಡ ಸರಿ ಇದ್ದವರು ಕಳಿಸುತ್ತಾರೆ.

ಹೋದ ಏಳರ ಜಾಗದಲ್ಲಿ ಮಣ್ಣು ಬದಲಿಸಿ, ಸ್ವಲ್ಪ ಎತ್ತರ ಮಾಡಿ, ಐದು ಹೊಸ ಗಿಡ ಇಟ್ಟಿದ್ದೇನೆ. ಎರಡು ಕಡೆ ನೀರು ನಿಲ್ಲುತ್ತದೆ, ಅಲ್ಲಿ ಬಾಳೆ ಹಾಕಿದೆ, ಹೂ ಕಟ್ಟಲು ನಾರು ಸಿಗುತ್ತದೆ. ಈ ಬರಹದ ಜೊತೆ 2022ರ ಆ ಫೋಟೋವನ್ನು ಪೂರ್ತಿಯಾಗಿ ಕಳಿಸಿದ್ದೇನೆ. ಪುಟದಲ್ಲಿ ಜಾಗ ಸಾಲದಿದ್ದರೆ ಸಂಪಾದಕರು ಮೇಲಿನ ಹಟ್ಟಿಯ ಮಾಡನ್ನೋ, ಬದಿಯ ಬಟ್ಟೆ ಹಗ್ಗವನ್ನೋ ಕತ್ತರಿಸಲಿ. ಮುರಿದ ಬಾಲ್ದಿ ಇರಲಿ, ಬಿಳಿ ನೂಲು ಇರುವುದು ಅದರ ಪಕ್ಕದಲ್ಲಿ.